ಎರಡು ಟಾರ್ಪಿಡೊ, ಒಂದು ದೋಣಿ: ಹ್ಯಾಟರಸ್ ಬಳಿ ಮುಳುಗಿದ ತೈಲ ಹಡಗಿನ ಪ್ರಕರಣ

1942ರ ಜನವರಿ 18ರಂದು, ಮಧ್ಯರಾತ್ರಿ ಕಳೆದು ಒಂದೂವರೆ ಗಂಟೆಯ ಹೊತ್ತಿಗೆ, ಅಮೆರಿಕದ ಉತ್ತರ ಕೆರೊಲಿನಾ ಕರಾವಳಿಯಾಚೆ ಒಂದು ತೈಲ ಹಡಗಿಗೆ ಜರ್ಮನಿಯ ಜಲಾಂತರ್ಗಾಮಿಯೊಂದು ಎರಡು ಟಾರ್ಪಿಡೊ ಹೊಡೆಯಿತು. ಹಡಗಿನಲ್ಲಿದ್ದ 35 ಮಂದಿಯಲ್ಲಿ 22 ಮಂದಿ ಸತ್ತರು, 13 ಮಂದಿ ಉಳಿದರು. ಹಡಗಿನ ಹೆಸರು, ಕಂಪನಿಯ ಹೆಸರು, ಸಿಬ್ಬಂದಿಯ ಹೆಸರು ಇಲ್ಲಿ ಬರುವುದಿಲ್ಲ. ಕಪ್ತಾನ, ಬೋಸನ್ (ಡೆಕ್ಕಿನ ನಾವಿಕರ ಮೇಸ್ತ್ರಿ) ಎಂದು ಹುದ್ದೆಯಿಂದಲೇ ಕರೆಯುತ್ತೇವೆ.

ಈ ಘಟನೆಯನ್ನು ಹೇಳುವವರು ಸಾಮಾನ್ಯವಾಗಿ ಪವಾಡದ ಕಥೆಯಾಗಿ ಹೇಳುತ್ತಾರೆ. ಸುತ್ತ ಬೆಂಕಿ ಉರಿಯುವಾಗ ಹಡಗಿನ ಪಕ್ಕೆಯಿಂದ ಹೊರಬರುತ್ತಿದ್ದ ನೀರು ಒಂದು ದೋಣಿಯನ್ನು ಕಾಪಾಡಿತು ಎಂಬುದು ಅದರ ತಿರುಳು. ಅದು ನಿಜವೇ. ಆದರೆ ಆ ನೀರು ಯಾಕೆ ಬರುತ್ತಿತ್ತು ಎಂದು ಕೇಳಿದರೆ ಪವಾಡ ಕರಗಿ ಬೇರೆ ವಿಷಯ ಕಾಣುತ್ತದೆ: ನಿಲ್ಲಬೇಕಿದ್ದ ಎಂಜಿನ್ ನಿಂತಿರಲಿಲ್ಲ. ದೋಣಿಯನ್ನು ಕಾಪಾಡಿದ್ದೂ ಅದೇ ಎಂಜಿನ್, ಮರುಕ್ಷಣ ದೋಣಿಯನ್ನು ಒಡೆಯಲು ಹೊರಟದ್ದೂ ಅದೇ.

ಹಿನ್ನೆಲೆ

ಹಡಗು 1921ರಲ್ಲಿ ಕಟ್ಟಿದ್ದು, ಸುಮಾರು 6,600 ಟನ್ ಗಾತ್ರದ್ದು (ಈ ಟನ್ ತೂಕವಲ್ಲ, ಹಡಗಿನ ಒಳಜಾಗದ ಅಳತೆ). ಕೊಲಂಬಿಯಾದ ಕಾರ್ಟಹೇನಾ ಬಂದರಿನಲ್ಲಿ 72,870 ಬ್ಯಾರಲ್ ಕಚ್ಚಾ ತೈಲ ತುಂಬಿಕೊಂಡು ನ್ಯೂಯಾರ್ಕಿಗೆ ಹೊರಟಿತ್ತು. ಬ್ಯಾರಲ್ಲಿಗೆ 159 ಲೀಟರಿನಂತೆ ಲೆಕ್ಕ ಹಾಕಿದರೆ 1 ಕೋಟಿ 15 ಲಕ್ಷ ಲೀಟರಿಗೂ ಹೆಚ್ಚು, ತೂಕದಲ್ಲಿ ಸುಮಾರು 10,000 ಟನ್. ಹಡಗಿನಲ್ಲಿ ತೋಪು ಇರಲಿಲ್ಲ, ಜೊತೆಗೆ ಬೆಂಗಾವಲೂ ಇರಲಿಲ್ಲ. ವ್ಯಾಪಾರಿ ಹಡಗುಗಳಿಗೆ ತೋಪು ಕೂರಿಸಲು ಅಮೆರಿಕದ ಕಾನೂನು ಒಪ್ಪಿದ್ದೇ 1941ರ ನವೆಂಬರಿನಲ್ಲಿ. ಎರಡು ತಿಂಗಳಲ್ಲಿ ಎಲ್ಲ ಹಡಗಿಗೂ ತೋಪು ಮತ್ತು ಅದನ್ನು ಹೊಡೆಯಬಲ್ಲ ನಾವಿಕರು ಸಿಗುವಂತಿರಲಿಲ್ಲ.

ಆ ಕಾಲದ ತೈಲ ಹಡಗಿನ ರಚನೆ ತಿಳಿಯದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಹಡಗಿನ ಉದ್ದಕ್ಕೂ ಸಾಲಾಗಿ ಟ್ಯಾಂಕುಗಳು, ನಡುನಡುವೆ ಉಕ್ಕಿನ ಅಡ್ಡಗೋಡೆಗಳು. ಬ್ರಿಜ್ (ಹಡಗನ್ನು ನಡೆಸುವ ಕೋಣೆ), ಕಪ್ತಾನನ ಕೋಣೆ, ಡೆಕ್ ಅಧಿಕಾರಿಗಳ ಕೋಣೆಗಳು, ರೇಡಿಯೊ ಕೋಣೆ ಎಲ್ಲವೂ ಹಡಗಿನ ನಡುವೆ, ಅಂದರೆ ಟ್ಯಾಂಕುಗಳ ನೆತ್ತಿಯ ಮೇಲೆ. ಬಾಯ್ಲರ್, ಎಂಜಿನ್, ಅಡುಗೆಮನೆ, ಉಳಿದ ಸಿಬ್ಬಂದಿಯ ಮಲಗುವ ಜಾಗ ಹಿಂತುದಿಯಲ್ಲಿ. ಈ ಎರಡು ಭಾಗಗಳನ್ನು ಜೋಡಿಸುವುದು ಡೆಕ್ಕಿನ ಮೇಲೆ ಎತ್ತರದಲ್ಲಿ ಹಾಕಿದ ಒಂದು ಕಿರಿದಾದ ನಡೆದಾಡುವ ಅಟ್ಟಣೆ ಮಾತ್ರ. ಜೀವರಕ್ಷಕ ದೋಣಿಗಳೂ ಹಾಗೆಯೇ ಹಂಚಿಹೋಗಿರುತ್ತಿದ್ದವು: ಕೆಲವು ನಡುವೆ, ಕೆಲವು ಹಿಂದೆ. ಬೆಂಕಿ ನಡುವೆ ಎದ್ದರೆ ಆದೇಶ ಕೊಡುವವರು ಒಂದು ಕಡೆ, ಆದೇಶ ಪಾಲಿಸಬೇಕಾದವರು ಇನ್ನೊಂದು ಕಡೆ.

ಹಡಗು ಹೋಗುತ್ತಿದ್ದ ದಾರಿ ಯಾರಿಗೂ ಗುಟ್ಟಾಗಿರಲಿಲ್ಲ. ದಕ್ಷಿಣದಿಂದ ಬರುವ ಹಡಗುಗಳೆಲ್ಲ ಹ್ಯಾಟರಸ್ ಭೂಶಿರವನ್ನು ಸುತ್ತಿಕೊಂಡೇ ಉತ್ತರಕ್ಕೆ ಏರಬೇಕು. ಅಲ್ಲಿ ಡೈಮಂಡ್ ಷೋಲ್ಸ್ ಎಂಬ ಮರಳುದಿಬ್ಬಗಳು ಮೈಲಿಗಟ್ಟಲೆ ಸಮುದ್ರದೊಳಕ್ಕೆ ಚಾಚಿವೆ, ಹಾಗಾಗಿ ಹಡಗು ಹೊರಗೆ ಸರಿಯಲೇಬೇಕು. ಹೊರಗೆ ಸರಿದರೆ ಗಲ್ಫ್ ಸ್ಟ್ರೀಮ್ ಪ್ರವಾಹ ಉತ್ತರಕ್ಕೆ ಹೋಗುವವರನ್ನು ಬೆನ್ನಹಿಂದಿನಿಂದ ತಳ್ಳುತ್ತದೆ, ಇಂಧನ ಉಳಿಯುತ್ತದೆ. ಆಳವಾದ ನೀರೂ ಅಲ್ಲಿ ದಡಕ್ಕೆ ಹತ್ತಿರ. ಹೀಗಾಗಿ ಜಲಾಂತರ್ಗಾಮಿ ಬೇಟೆ ಹುಡುಕಿಕೊಂಡು ಅಲೆಯಬೇಕಿರಲಿಲ್ಲ. ಅಲ್ಲಿ ಕಾದು ನಿಂತರೆ ಸಾಕು, ಬೆನ್ನಟ್ಟಿದರೆ ಮುಳುಗಿ ಅಡಗಿಕೊಳ್ಳಲು ಆಳವೂ ಇತ್ತು.

ಗೊತ್ತಿದ್ದ ಅಪಾಯ

ಅಮೆರಿಕ ಯುದ್ಧಕ್ಕಿಳಿದ ಕೂಡಲೇ ಜರ್ಮನಿಯ ಜಲಾಂತರ್ಗಾಮಿ ಪಡೆಯ ಮುಖ್ಯಸ್ಥ ಕಾರ್ಲ್ ಡ್ಯೋನಿಟ್ಸ್ ದೂರ ಸಾಗಬಲ್ಲ ಐದು ಜಲಾಂತರ್ಗಾಮಿಗಳನ್ನು ಅಟ್ಲಾಂಟಿಕ್‌ನ ಆಚೆ ದಡಕ್ಕೆ ಕಳಿಸಿದ. ಆ ಕಾರ್ಯಾಚರಣೆಯ ಹೆಸರು ಪೌಕೆನ್‌ಶ್ಲಾಗ್. ಬಂದವು ಟೈಪ್ 9 ಮಾದರಿಯವು: ಒಂದೊಂದರಲ್ಲಿ 22 ಟಾರ್ಪಿಡೊ ಒಯ್ಯಬಹುದು, ಮುಂದೆ ನಾಲ್ಕು, ಹಿಂದೆ ಎರಡು ನಳಿಗೆ. ನೀರಿನ ಮೇಲೆ 18 ನಾಟ್ ವೇಗ (ಒಂದು ನಾಟ್ ಎಂದರೆ ಗಂಟೆಗೆ ಸುಮಾರು 1.85 ಕಿಲೊಮೀಟರ್), ಮುಳುಗಿದಾಗ 7 ನಾಟ್ ಚಿಲ್ಲರೆ. ಎದುರಿಗೆ ತುಂಬಿದ ತೈಲ ಹಡಗಿನದು ಹತ್ತು ಹನ್ನೊಂದು ನಾಟ್. ಈ ಲೆಕ್ಕದಲ್ಲೇ ಎಲ್ಲವೂ ಇದೆ. ಮುಳುಗಿದ ಜಲಾಂತರ್ಗಾಮಿಯಿಂದ ಹಡಗು ತಪ್ಪಿಸಿಕೊಳ್ಳಬಹುದು. ಆದರೆ ರಾತ್ರಿ ನೀರಿನ ಮೇಲೆಯೇ ಓಡುವ ಜಲಾಂತರ್ಗಾಮಿ ಹಡಗನ್ನು ಹಿಂದಿಕ್ಕಿ, ಮುಂದೆ ಹೋಗಿ, ಅಡ್ಡ ನಿಂತು, ಕೋನ ಅಳೆದು ಹೊಡೆಯಬಹುದು. ಬೆನ್ನಟ್ಟುವ ಯುದ್ಧನೌಕೆ ಇಲ್ಲದ ಕಡೆ ಅದು ಮುಳುಗಬೇಕಾದ ಪ್ರಮೇಯವೇ ಇಲ್ಲ.

ಅವು ಬರುತ್ತಿರುವುದು ಮೊದಲೇ ಗೊತ್ತಿತ್ತು. ಬ್ರಿಟಿಷ್ ನೌಕಾಪಡೆಯ ಜಲಾಂತರ್ಗಾಮಿ ಗುರುತಿಸುವ ವಿಭಾಗ ಜರ್ಮನ್ ರೇಡಿಯೊ ಸಂಚಾರದಿಂದ ಅವುಗಳ ಪಶ್ಚಿಮದ ಪಯಣವನ್ನು ಊಹಿಸಿ ಜನವರಿ ಎರಡನೇ ವಾರದಲ್ಲಿ ಅಮೆರಿಕದ ನೌಕಾಪಡೆಗೆ ಎಚ್ಚರಿಕೆ ಮುಟ್ಟಿಸಿತ್ತು. ಜನವರಿ 14 ಮತ್ತು 15ರಂದು ನ್ಯೂಯಾರ್ಕಿನ ಪೂರ್ವಕ್ಕೆ ಎರಡು ತೈಲ ಹಡಗುಗಳು ಮುಳುಗಿಯೂ ಆಗಿತ್ತು. ಇಷ್ಟಾದರೂ ಹ್ಯಾಟರಸ್ ಕಡೆಯ ಹಡಗುಗಳು ಶಾಂತಿಕಾಲದ ದಾರಿಯಲ್ಲೇ, ಒಂಟಿಯಾಗಿಯೇ ಸಾಗುತ್ತಿದ್ದವು.

ಮೊದಲ ತಿರುವು ಇದೇ, ಮತ್ತು ಇದು ಹಡಗಿನವರ ಕೈಯಲ್ಲಿರಲಿಲ್ಲ. ಹಡಗುಗಳನ್ನು ಗುಂಪು ಮಾಡಿ ಬೆಂಗಾವಲಿನಲ್ಲಿ ಒಯ್ಯಬೇಕೆ ಬೇಡವೆ ಎಂಬುದರಲ್ಲಿ ಎರಡು ವಾದಗಳಿದ್ದವು. ಸಾಕಷ್ಟು ಯುದ್ಧನೌಕೆಗಳಿಲ್ಲದೆ ಹಡಗುಗಳನ್ನು ಒಟ್ಟುಗೂಡಿಸಿದರೆ ಶತ್ರುವಿಗೆ ಒಂದೇ ಕಡೆ ಗುರಿ ಒದಗಿಸಿದಂತೆ ಎಂದು ಅಮೆರಿಕದ ನೌಕಾಪಡೆಯ ಮುಖ್ಯಸ್ಥ ಅಡ್ಮಿರಲ್ ಅರ್ನೆಸ್ಟ್ ಕಿಂಗ್ ಮತ್ತು ಅವನ ಕಡೆಯವರ ನಿಲುವು. ದುರ್ಬಲ ಬೆಂಗಾವಲಾದರೂ ಇಲ್ಲದ್ದಕ್ಕಿಂತ ಮೇಲು ಎಂಬುದು ಎರಡು ವರ್ಷದ ಸೋಲು ಗೆಲುವು ಕಂಡಿದ್ದ ಬ್ರಿಟಿಷರ ಅನುಭವ. ಸಮುದ್ರ ದೊಡ್ಡದು, ನಲವತ್ತು ಹಡಗು ಒಂದೊಂದಾಗಿ ಹೋದರೆ ಕಾದು ಕೂತವನಿಗೆ ನಲವತ್ತು ಅವಕಾಶ, ಒಟ್ಟಾಗಿ ಹೋದರೆ ಒಂದೇ ಅವಕಾಶ, ಅದೂ ತಪ್ಪಿಹೋಗಬಹುದಾದದ್ದು. ಇಷ್ಟು ಸರಳ ಲೆಕ್ಕ ಆಗ ಒಪ್ಪಿಗೆಯಾಗಲಿಲ್ಲ. ಇದ್ದ ಡಿಸ್ಟ್ರಾಯರ್‌ಗಳಿಗೆ, ಅಂದರೆ ವೇಗದ ಯುದ್ಧನೌಕೆಗಳಿಗೆ, ಬೇರೆ ಕೆಲಸಗಳೂ ಇದ್ದವು, ಸೈನಿಕರನ್ನು ಹೊತ್ತು ಅಟ್ಲಾಂಟಿಕ್ ದಾಟುವ ಹಡಗುಗಳ ಕಾವಲು ಅದರಲ್ಲೊಂದು.

ಆ ತಿಂಗಳ ನಷ್ಟಗಳಿಗೆಲ್ಲ ದಡದ ದೀಪಗಳನ್ನು ಕಾರಣವಾಗಿ ಹೇಳುವ ರೂಢಿ ಇದೆ. ನ್ಯೂಯಾರ್ಕ್, ನ್ಯೂಜೆರ್ಸಿ, ಫ್ಲಾರಿಡಾಗಳ ಬಳಿ ಅದು ಖಂಡಿತ ಕೆಲಸ ಮಾಡಿತು. ಬೆಳಕಿನ ಮುಂದೆ ಹಾಯುವ ಹಡಗಿನ ಕಪ್ಪು ಆಕೃತಿ ಜಲಾಂತರ್ಗಾಮಿಯಿಂದ ಚೊಕ್ಕವಾಗಿ ಕಾಣುತ್ತದೆ. ಈ ಪ್ರಕರಣಕ್ಕೆ ಅದು ಹೊಂದುವುದಿಲ್ಲ. ಇದು ನಡೆದದ್ದು ದಡದಿಂದ 50 ಮೈಲಿಗೂ ಆಚೆ, ಅಲ್ಲಿಗೆ ಯಾವ ಪೇಟೆಯ ಬೆಳಕೂ ಬರುವುದಿಲ್ಲ. ದೀಪಸ್ತಂಭಗಳು ಎಂದಿನಂತೆ ಉರಿಯುತ್ತಿದ್ದುದರಿಂದ ಜರ್ಮನ್ನರಿಗೆ ತಾವೆಲ್ಲಿದ್ದೇವೆಂದು ತಿಳಿಯುವುದು ಸುಲಭವಾಯಿತು, ಅಷ್ಟೆ. ಇಲ್ಲಿ ಹಡಗನ್ನು ಹಿಡಿದುಕೊಟ್ಟದ್ದು ಅದರ ದಾರಿ.

ಹೊಡೆತ

ಮೊದಲ ಟಾರ್ಪಿಡೊ ಬಲಪಕ್ಕೆಯಲ್ಲಿ ಮುಂಭಾಗದ ಖಾಲಿ ಟ್ಯಾಂಕಿಗೆ ಬಡಿಯಿತು. ಕೆಲವೇ ಸೆಕೆಂಡಿನಲ್ಲಿ ಎರಡನೆಯದು ಅದರ ಹಿಂದೆ, ತೈಲ ತುಂಬಿದ್ದ ಟ್ಯಾಂಕುಗಳ ಜಾಗಕ್ಕೆ ಬಡಿದು ಹಡಗನ್ನು ಎರಡಾಗಿ ಮುರಿಯಿತು. ತೈಲ ಹೊತ್ತಿಕೊಂಡು ಸುತ್ತ ಅರ್ಧ ಮೈಲಿವರೆಗೆ ನೀರಿನ ಮೇಲೆ ಹರಡಿತು.

ಇಲ್ಲಿ ಸ್ವಲ್ಪ ನಿಲ್ಲಬೇಕು. ತೈಲ ಹಡಗೆಂದರೆ ಒಂದು ಟಾರ್ಪಿಡೊಗೆ ಮುಳುಗಿಬಿಡುತ್ತದೆ ಎಂಬ ಭಾವನೆ ಹಲವರಲ್ಲಿದೆ. ಹಾಗಿಲ್ಲ. ತುಂಬಿದ ಟ್ಯಾಂಕ್ ಸೀಳಿದರೆ ಒಳಗಿನ ತೈಲ ಸ್ವಲ್ಪ ಹೊರಗೆ ಹರಿದು ಸ್ವಲ್ಪ ನೀರು ಒಳಗೆ ಬರುತ್ತದೆ. ತೈಲ ಮೊದಲೇ ಆ ಜಾಗ ತುಂಬಿರುವುದರಿಂದ ಹಡಗಿನ ತೇಲುವ ಶಕ್ತಿ ಹೆಚ್ಚೇನೂ ಕಳೆಯುವುದಿಲ್ಲ. ಅಡ್ಡಗೋಡೆಗಳು ಹತ್ತಿರ ಹತ್ತಿರ ಇರುವುದರಿಂದ ಹಾನಿಯೂ ಹರಡುವುದಿಲ್ಲ. ಒಂದು ಹೊಡೆತ ತಿಂದು ಬಂದರು ಸೇರಿದ ತೈಲ ಹಡಗುಗಳು ಆ ಯುದ್ಧದಲ್ಲಿ ಎಷ್ಟೋ ಇವೆ. ಖಾಲಿ ಟ್ಯಾಂಕಿನ ಕಥೆ ಬೇರೆ. ಗಾಳಿ ಇದ್ದ ಜಾಗಕ್ಕೆ ನೂರಾರು ಟನ್ ನೀರು ಒಮ್ಮೆಲೇ ನುಗ್ಗುತ್ತದೆ, ಮೂತಿ ಭಾರವಾಗುತ್ತದೆ, ಅದರ ಭಾರವನ್ನೆಲ್ಲ ಪಕ್ಕದ ಡೆಕ್ಕು ಮತ್ತು ತಳದ ಉಕ್ಕು ಹೊರಬೇಕಾಗುತ್ತದೆ. ಆ ಪಕ್ಕದ ಜಾಗಕ್ಕೇ ಎರಡನೆಯ ಹೊಡೆತ ಬಿದ್ದರೆ ಬೆನ್ನು ಮುರಿಯದೆ ಏನು ಮಾಡೀತು? ಜರ್ಮನ್ ಟಾರ್ಪಿಡೊದ ಸಿಡಿತಲೆ ಸುಮಾರು 280 ಕಿಲೊ. ಎರಡೂ ಹೊಡೆತ ಒಂದಕ್ಕೊಂದು ಅಂಟಿಕೊಂಡಂತೆ ಬಿದ್ದದ್ದೇ ಹಡಗು ಮುರಿಯಲು ಕಾರಣ ಎಂಬುದು ನಮ್ಮ ಓದು; ಒಂದು ಮುಂದೆ ಒಂದು ಹಿಂದೆ ಬಿದ್ದಿದ್ದರೆ ಬಹುಶಃ ಜನರಿಗೆ ಇನ್ನಷ್ಟು ಹೊತ್ತು ಸಿಗುತ್ತಿತ್ತು.

ಬೆಂಕಿ ಹರಡಿದ ವೇಗಕ್ಕೂ ಒಂದು ಲೆಕ್ಕವಿದೆ. ಅರ್ಧ ಮೈಲಿ ತ್ರಿಜ್ಯದ ವೃತ್ತವೆಂದರೆ ಸುಮಾರು 2 ಚದರ ಕಿಲೊಮೀಟರ್. ಅದರ ಮೇಲೆ 1 ಮಿಲಿಮೀಟರ್ ದಪ್ಪ ತೈಲ ಹಾಸಲು ಸುಮಾರು 2,000 ಘನ ಮೀಟರ್ ಸಾಕು. ಹಡಗಿನಲ್ಲಿದ್ದದ್ದು ಅದರ ಐದು ಪಟ್ಟಿಗೂ ಹೆಚ್ಚು. ಅಂದರೆ ಎರಡು ಮೂರು ಟ್ಯಾಂಕ್ ಬಾಯಿಬಿಟ್ಟರೂ ಸಮುದ್ರ ಉರಿಯುವುದಕ್ಕೆ ಬೇಕಾದಷ್ಟು ತೈಲ ಹೊರಬರುತ್ತದೆ. ಪದರ ತೀರ ತೆಳುವಾದಾಗ ಕೆಳಗಿನ ನೀರು ತಣಿಸಿ ಬೆಂಕಿ ತಾನಾಗಿ ಆರುತ್ತದೆ. ಅಂಚಿನಲ್ಲಿ ಬೆಂಕಿ ಹರಿದುಹೋಗಿ ತೇಪೆ ತೇಪೆಯಾಗಿ ಕಾಣುವುದು ಇದರಿಂದಲೇ. ಈಜುವವರಿಗೆ ಬದುಕುವ ಜಾಗ ಇರುವುದು ಆ ಹರಕುಗಳಲ್ಲಿ.

ದೋಣಿ

ಬ್ರಿಜ್ ಇದ್ದ ನಡುಭಾಗ ಬೆಂಕಿಯಲ್ಲಿ ಮುಚ್ಚಿಹೋಯಿತು. ಹಡಗು ತೊರೆಯುವ ಕ್ರಮ ಕಾಗದದ ಮೇಲೆ ಹೀಗಿರುತ್ತದೆ. ಬ್ರಿಜ್‌ನಿಂದ ಎಂಜಿನ್ ಕೋಣೆಗೆ ಸೂಚನೆ ಮುಟ್ಟಿಸುವ ಟೆಲಿಗ್ರಾಫ್ ಎಂಬ ಸಾಧನದಲ್ಲಿ ‘ನಿಲ್ಲಿಸು’ ಎಂಬ ಸೂಚನೆ ಬರುತ್ತದೆ. ಎಂಜಿನಿಯರ್ ಉಗಿಯ ಕವಾಟ ಮುಚ್ಚುತ್ತಾನೆ. ಹಡಗಿನ ಓಟ ಕುಂದುವವರೆಗೆ ಕಾಯಬೇಕು. ಆಮೇಲೆ ದೋಣಿಯ ಮೂತಿಯ ಹಗ್ಗವನ್ನು ಹಡಗಿನ ಮುಂದೆ ದೂರದಲ್ಲಿ ಕಟ್ಟಿ, ದೋಣಿಯನ್ನು ಡೇವಿಟ್‌ನಿಂದ (ದೋಣಿ ತೂಗುಹಾಕುವ ಉಕ್ಕಿನ ತೋಳು) ಹೊರಗೆ ಚಾಚಿ, ಎರಡೂ ಕಡೆಯ ಹಗ್ಗ ಸಮವಾಗಿ ಬಿಡುತ್ತ ಇಳಿಸಬೇಕು. ನೀರು ಮುಟ್ಟಿದ ಮೇಲೆ ಮೊದಲು ಹಿಂದಿನ ಕೊಕ್ಕೆ, ಆಮೇಲೆ ಮುಂದಿನದು ಬಿಚ್ಚಬೇಕು. ಕ್ರಮ ತಪ್ಪಿ ಮುಂದಿನದನ್ನು ಮೊದಲು ಬಿಚ್ಚಿದರೆ, ಹಡಗು ಇನ್ನೂ ಚಲಿಸುತ್ತಿದ್ದರೆ, ದೋಣಿ ಅಡ್ಡ ತಿರುಗಿ ಮಗುಚುತ್ತದೆ.

ಆ ರಾತ್ರಿ ಈ ಕ್ರಮದ ಮೊದಲ ಹೆಜ್ಜೆಯೇ ಬೀಳಲಿಲ್ಲ. ಸೂಚನೆ ಕೊಡಬೇಕಾದ ಜಾಗ ಉರಿಯುತ್ತಿತ್ತು. ಹಿಂಭಾಗದಲ್ಲಿದ್ದ ಬೋಸನ್ ಮತ್ತು ಅವನ ಜೊತೆಗಿದ್ದವರಿಗೆ ಬಳಸಲು ಬರುವಂತೆ ಉಳಿದಿದ್ದದ್ದು ಒಂದು ದೋಣಿ. ಎಂಜಿನ್ ನಿಲ್ಲುವವರೆಗೆ ಕಾಯುವುದೋ, ಓಡುವ ಹಡಗಿನಿಂದಲೇ ಇಳಿಸುವುದೋ? ಕಾದರೆ ಬೆಂಕಿ ದೋಣಿಗೂ ಹತ್ತುತ್ತಿತ್ತು. ಅವರು ಇಳಿಸಿದರು, ಎಂಟು ಮಂದಿ ಹತ್ತಿದರು. ಇದು ಎರಡನೇ ತಿರುವು, ಮತ್ತು ಸರಿಯಾದದ್ದು. ಪುಸ್ತಕದ ಕ್ರಮವನ್ನು ಮುರಿದ ನಿರ್ಧಾರವಾದರೂ ಮುರಿಯಲು ಕಾರಣವಿತ್ತು: ಕ್ರಮ ಇರುವುದು ದೋಣಿ ಮಗುಚದಿರಲಿ ಎಂದು, ಇಲ್ಲಿ ದೋಣಿಯೇ ಉಳಿಯುವ ಹಾಗಿರಲಿಲ್ಲ.

ನೀರಿಗಿಳಿದ ದೋಣಿಯ ಸುತ್ತ ಕೆಲವೇ ಅಡಿ ದೂರದಲ್ಲಿ ಬೆಂಕಿ. ಆಗ ನೆರವಿಗೆ ಬಂದದ್ದು ಕಂಡೆನ್ಸರಿನ ನೀರು. ಉಗಿ ಹಡಗಿನಲ್ಲಿ ಎಂಜಿನ್ನಿನಿಂದ ಹೊರಬಂದ ಉಗಿಯನ್ನು ಮತ್ತೆ ನೀರಾಗಿಸಿ ಬಾಯ್ಲರಿಗೆ ಕಳಿಸಬೇಕು. ಅದಕ್ಕಾಗಿ ಒಂದು ದೊಡ್ಡ ಪಂಪು ಸಮುದ್ರದ ನೀರೆಳೆದು ಕಂಡೆನ್ಸರಿನ ಕೊಳವೆಗಳ ಮೂಲಕ ಹರಿಸಿ ಹಡಗಿನ ಪಕ್ಕೆಯ ತೂತಿನಿಂದ ಹೊರಗೆ ಚೆಲ್ಲುತ್ತದೆ. ಒಂದು ಟನ್ ಉಗಿ ತಣಿಸಲು ಹತ್ತಾರು ಟನ್ ನೀರು ಬೇಕು, ಹಾಗಾಗಿ ಈ ಗಾತ್ರದ ಹಡಗಿನಿಂದ ಗಂಟೆಗೆ ನೂರಾರು ಟನ್ ನೀರು ಹೀಗೆ ಧುಮ್ಮಿಕ್ಕುತ್ತಿರುತ್ತದೆ. ದೋಣಿ ಇಳಿದ ಜಾಗ ಆ ತೂತಿನ ಹತ್ತಿರವಿತ್ತು. ನೀರಿನ ರಭಸ ಉರಿಯುವ ತೈಲವನ್ನು ದೂರ ತಳ್ಳಿ ದೋಣಿಯ ಪಕ್ಕ ಒಂದು ತೆರಪು ಮಾಡಿಕೊಟ್ಟಿತು.

ಆ ಪಂಪು ಓಡುತ್ತಿದ್ದದ್ದು ಉಗಿ ಇನ್ನೂ ಇದ್ದುದರಿಂದ. ಉಗಿ ಇದ್ದುದರಿಂದಲೇ ಪ್ರೊಪೆಲ್ಲರೂ ತಿರುಗುತ್ತಿತ್ತು. ಹಿಂಭಾಗದ ದೋಣಿಗಳು ಪ್ರೊಪೆಲ್ಲರಿಗೆ ಹತ್ತಿರ ಇಳಿಯುತ್ತವೆ. ಹಡಗು ಮುಂದೆ ಸರಿದರೆ ದೋಣಿ ಪಕ್ಕೆಯ ಗುಂಟ ಹಿಂದಕ್ಕೆ ಜಾರಿ ನೇರ ರೆಕ್ಕೆಗಳ ಬಳಿಗೇ ಹೋಗುತ್ತದೆ. ಇಲ್ಲೂ ಹಾಗೆಯೇ ಆಯಿತು. ತಿರುಗುವ ರೆಕ್ಕೆ ದೋಣಿಗೆ ಬಡಿಯಿತು. ದೋಣಿಯವರು ಹುಟ್ಟಿನಿಂದ ಹಡಗಿಗೆ ಒತ್ತಿ ದೋಣಿಯನ್ನು ಬಿಡಿಸಿಕೊಂಡರು. ಅವರು ದೂರ ಸರಿಯುವಷ್ಟರಲ್ಲಿ ಹಿಂಭಾಗವೂ ಮುಳುಗುತ್ತಿತ್ತು.

ಎಂಜಿನ್ ನಿಂತಿದ್ದರೆ ಏನಾಗುತ್ತಿತ್ತು ಎಂಬುದು ಈ ಪ್ರಕರಣದ ಕಠಿಣ ಪ್ರಶ್ನೆ. ಪಂಪು ಮುಖ್ಯ ಎಂಜಿನ್ನಿನಿಂದ ಬೇರೆಯಾಗಿ ಓಡುವಂಥದ್ದಾಗಿದ್ದರೆ ಎಂಜಿನ್ ನಿಲ್ಲಿಸಿ ಪಂಪನ್ನು ಬಿಡಬಹುದಿತ್ತು. ನೀರು ಬರುತ್ತಿತ್ತು, ರೆಕ್ಕೆ ನಿಲ್ಲುತ್ತಿತ್ತು. ಅದು ಆದರ್ಶ. ಆದರೆ ಆ ನಿಮಿಷಗಳಲ್ಲಿ ಯಾರಾದರೂ ಎಂಜಿನ್ ಕೋಣೆಗೆ ಇಳಿದು ಒಂದನ್ನು ಮುಚ್ಚಿ ಇನ್ನೊಂದನ್ನು ಬಿಡುತ್ತಾರೆಂದು ನಿರೀಕ್ಷಿಸುವುದು ಕುರ್ಚಿಯಲ್ಲಿ ಕೂತವರ ಲೆಕ್ಕಾಚಾರ. ಕೆಳಗೆ ಇಳಿದವನು ಮೇಲೆ ಬರುವುದೇ ಅನುಮಾನವಾಗಿತ್ತು. ನೀರಿನ ತೆರಪನ್ನು ಯೋಜನೆಯಾಗಿ ಕಲಿಯಲು ಬರುವುದಿಲ್ಲ. ಕಲಿಯಬಹುದಾದದ್ದು ಬೇರೆ: ಎಂಜಿನ್ ನಿಲ್ಲಿಸುವ ಕೆಲಸವನ್ನು ಒಂದು ಕೋಣೆಯ ಒಳಗೆ, ಒಂದು ಟೆಲಿಗ್ರಾಫಿನ ತುದಿಯಲ್ಲಿ ಮಾತ್ರ ಇಟ್ಟರೆ, ಆ ಕೆಲಸ ಆಗುವುದೇ ಇಲ್ಲ.

ನಡುಭಾಗದಲ್ಲಿದ್ದವರು

ಕಪ್ತಾನ ತನ್ನ ಕೋಣೆಯಲ್ಲಿದ್ದ. ಬಾಗಿಲಿನ ಕಡೆ ಬೆಂಕಿ. ಹೊರಬೀಳಲು ಉಳಿದದ್ದು ದುಂಡನೆಯ ಕಿಟಕಿಯ ತೂತು, ಅದರಲ್ಲಿ ನುಸುಳಿ ಹೊರಬಂದ. ಹಡಗು ಮುಳುಗುವಾಗ ನೀರಿನ ಸೆಳೆತ ಅವನನ್ನೂ ಎಳೆಯಿತು. ಮೇಲೆ ಬಂದ ಮೇಲೆ ಸಿಕ್ಕ ಹಲಗೆ ಚೂರುಗಳನ್ನು ಹಿಡಿದು ಸುಮಾರು ಏಳು ಗಂಟೆ ತೇಲಿದ. ಇನ್ನೂ ಕೆಲವರು ಹೀಗೆಯೇ ಮರದ ತುಂಡುಗಳಿಗೆ ಅಂಟಿಕೊಂಡು ಉಳಿದರು. ಬೆಳಗಾದ ಮೇಲೆ ಅಮೆರಿಕದ ಒಂದು ಡಿಸ್ಟ್ರಾಯರ್ ಬಂದು ದೋಣಿಯವರನ್ನೂ ನೀರಿನಲ್ಲಿದ್ದವರನ್ನೂ ಎತ್ತಿಕೊಂಡು ವರ್ಜೀನಿಯಾದ ನಾರ್ಫೋಕ್ ಬಂದರಿಗೆ ಒಯ್ದಿತು.

ಜನವರಿಯ ಅಟ್ಲಾಂಟಿಕ್‌ನಲ್ಲಿ ಏಳು ಗಂಟೆ ತೇಲಿ ಬದುಕುವುದು ಸಾಮಾನ್ಯವಲ್ಲ. 5 ಡಿಗ್ರಿ ನೀರಿನಲ್ಲಿ ಹೆಚ್ಚಿನವರು ಒಂದೆರಡು ಗಂಟೆಗೆ ಸೋತುಹೋಗುತ್ತಾರೆ. ಗಲ್ಫ್ ಸ್ಟ್ರೀಮ್‌ನ ಬೆಚ್ಚನೆಯ ನೀರು ಆ ಭಾಗಕ್ಕೆ ಹತ್ತಿರವಿರುವುದಕ್ಕೂ ಇದರಲ್ಲಿ ಪಾಲಿರಬೇಕು. ಇದೇ ಹೊಡೆತ ನೂರಾರು ಮೈಲಿ ಉತ್ತರಕ್ಕೆ, ಕೆನಡಾ ಕಡೆ ಬಿದ್ದಿದ್ದರೆ 13ರ ಬದಲು ದೋಣಿಯಲ್ಲಿದ್ದವರಷ್ಟೇ ಉಳಿಯುತ್ತಿದ್ದರೇನೊ.

ಉರಿಯುವ ತೈಲದಲ್ಲಿ ಬಿದ್ದವರು ಏನು ಮಾಡಬೇಕೆಂಬುದನ್ನು ಇಂಥ ನಷ್ಟಗಳಿಂದಲೇ ನಾವಿಕರಿಗೆ ಕಲಿಸಲಾಯಿತು. ಹಾರುವುದು ಗಾಳಿ ಬರುವ ಕಡೆಯಿಂದ, ಏಕೆಂದರೆ ತೈಲ ಮತ್ತು ಜ್ವಾಲೆ ಗಾಳಿ ಹೋಗುವ ಕಡೆ ಸರಿಯುತ್ತವೆ. ಬೆಂಕಿಯ ಅಡಿಯಲ್ಲೇ ಈಜಬೇಕು. ಉಸಿರಿಗೆ ಮೇಲೆ ಬರುವ ಮುನ್ನ ಕೈಗಳನ್ನು ತಲೆಯ ಮೇಲೆತ್ತಿ ನೀರನ್ನು ಜೋರಾಗಿ ಬಡಿದು ತೈಲವನ್ನು ಚೆದುರಿಸಬೇಕು, ಒಮ್ಮೆ ಉಸಿರೆಳೆದು ಮತ್ತೆ ಮುಳುಗಬೇಕು. ತೊಡಕೇನೆಂದರೆ ಜೀವರಕ್ಷಕ ಜಾಕೆಟ್ ತೊಟ್ಟವನು ಮುಳುಗಲಾರ. ಬೆಂಕಿ ದಾಟುವವರೆಗೆ ಅದು ಮೈಮೇಲಿರಬಾರದು, ದಾಟಿದ ಮೇಲೆ ಅದಿಲ್ಲದೆ ಗಂಟೆಗಟ್ಟಲೆ ತೇಲಲಾಗದು. ಎರಡಕ್ಕೂ ಸಲ್ಲುವ ಉತ್ತರ ಆಗ ಇರಲಿಲ್ಲ. ಬೆಂಕಿ ಹತ್ತದ ತೈಲವೂ ಕಡಿಮೆ ಶತ್ರುವಲ್ಲ: ಕಣ್ಣು ಉರಿಸುತ್ತದೆ, ನುಂಗಿದರೆ ವಾಂತಿ, ಶ್ವಾಸಕೋಶಕ್ಕೆ ಹೋದರೆ ದಿನಗಳ ನಂತರವೂ ಸಾವು.

35 ಮಂದಿಯಲ್ಲಿ ಬದುಕಿದವರು ಯಾರು ಎಂಬುದನ್ನು ಈಗ ನೋಡಿದರೆ ಧೈರ್ಯ, ಅನುಭವ, ಹುದ್ದೆ ಯಾವುದೂ ಒಂದು ಸಾಲಿನಲ್ಲಿ ನಿಲ್ಲುವುದಿಲ್ಲ. ಹೊಡೆತದ ಕ್ಷಣ ಎಲ್ಲಿದ್ದರು, ಅಲ್ಲಿಂದ ಹೊರಬೀಳಲು ಎಷ್ಟು ದಾರಿ ಇತ್ತು ಎಂಬುದು ನಿಲ್ಲುತ್ತದೆ. ಒಂದು ಬಾಗಿಲಿನ ಕೋಣೆಯಲ್ಲಿದ್ದವನಿಗೆ ಕಿಟಕಿ ಎರಡನೇ ಬಾಗಿಲಾಯಿತು; ಕಿಟಕಿ ಚಿಕ್ಕದಿದ್ದರೆ ಅಷ್ಟೂ ಇಲ್ಲ.

ಹೋಲಿಸಲು ಇನ್ನೊಂದು

ಎರಡು ತಿಂಗಳ ನಂತರ, ಮಾರ್ಚ್ 26ರಂದು, ಹ್ಯಾಟರಸ್ ಬಳಿಯೇ ಇನ್ನೊಂದು ತೈಲ ಹಡಗು ಹಗಲಿನಲ್ಲೇ ಟಾರ್ಪಿಡೊಗೆ ತುತ್ತಾಯಿತು. ಅಲ್ಲಿ 33 ಮಂದಿಯಲ್ಲಿ 11 ಮಂದಿ ಸತ್ತರು. ನಡುವೆ ಬೆಂಕಿ ಎದ್ದಾಗ ಕೆಲವರು ಹಡಗಿನ ಮೂತಿಯಲ್ಲಿ ಸಿಕ್ಕಿಬಿದ್ದಿದ್ದರು, ಜ್ವಾಲೆ ಅವರತ್ತ ಬರುತ್ತಿತ್ತು. ಚುಕ್ಕಾಣಿ ಹಿಡಿದಿದ್ದ ನಾವಿಕ ಹಡಗನ್ನು ಗಾಳಿಗೆ ಎದುರಾಗಿ ತಿರುಗಿಸಿದ. ಜ್ವಾಲೆ ಮೂತಿಯವರನ್ನು ಬಿಟ್ಟು ಹಿಂದಕ್ಕೆ, ಅವನ ಮೇಲೆಯೇ ಬಂತು. ಅವನು ಸತ್ತ, ಮೂತಿಯಲ್ಲಿದ್ದವರು ನೀರಿಗೆ ಹಾರಿ ಉಳಿದರು. ಇಲ್ಲಿಯೂ ಎಂಜಿನ್ ಓಡುತ್ತಿತ್ತು, ಓಡುತ್ತಿದ್ದುದರಿಂದಲೇ ಹಡಗು ತಿರುಗಿತು. ‘ಮೊದಲು ಎಂಜಿನ್ ನಿಲ್ಲಿಸು’ ಎಂಬ ನಿಯಮ ದೋಣಿಗೆ ಸರಿ, ಬೆಂಕಿಗೆ ಯಾವಾಗಲೂ ಸರಿಯಲ್ಲ ಎಂದು ಎರಡು ಪ್ರಕರಣವನ್ನು ಪಕ್ಕ ಪಕ್ಕ ಇಟ್ಟರೆ ಕಾಣುತ್ತದೆ. ಹಡಗು ಮುರಿಯದೆ ಚುಕ್ಕಾಣಿ ಕೈಯಲ್ಲಿರುವಾಗ ಮೊದಲು ಗಾಳಿ ನೋಡಬೇಕು, ಜ್ವಾಲೆಯನ್ನು ದೋಣಿ ಇಳಿಸುವ ಕಡೆಯಿಂದ ಆಚೆ ಹಾಯಿಸಬೇಕು, ಆಮೇಲೆ ಓಟ ನಿಲ್ಲಿಸಬೇಕು. ನಮ್ಮ ಪ್ರಕರಣದ ಹಡಗಿಗೆ ಆ ಆಯ್ಕೆ ಇರಲಿಲ್ಲ, ಅದು ಮುರಿದಿತ್ತು.

ನಂತರ ಬದಲಾದದ್ದು

ಬದಲಾವಣೆ ನಿಧಾನವಾಗಿ ಬಂತು. ಏಪ್ರಿಲ್ 1942ರಲ್ಲಿ ಹಡಗುಗಳನ್ನು ಹಗಲಿನಲ್ಲಿ ಮಾತ್ರ, ಒಂದು ಸುರಕ್ಷಿತ ಲಂಗರು ಜಾಗದಿಂದ ಇನ್ನೊಂದಕ್ಕೆ, ಇದ್ದಬದ್ದ ಸಣ್ಣ ನೌಕೆಗಳ ಕಾವಲಿನಲ್ಲಿ ಸಾಗಿಸುವ ಏರ್ಪಾಡು ಶುರುವಾಯಿತು. ನಾವಿಕರು ಇದನ್ನು ಬಕೆಟ್ ಬ್ರಿಗೇಡ್ ಎನ್ನುತ್ತಿದ್ದರು. ಹ್ಯಾಟರಸನ್ನು ಹಗಲಿನಲ್ಲೇ ದಾಟಿಸುವುದು ಇದರ ಮುಖ್ಯ ಉದ್ದೇಶ. ಜನವರಿ 18ರ ಹಡಗು ಸರಿಯಾಗಿ ಇದರ ವಿರುದ್ಧ ಹೊತ್ತಿನಲ್ಲಿ ಅಲ್ಲಿತ್ತು. ಏಪ್ರಿಲ್ ನಡುವೆ ಕೆಲಕಾಲ ಆ ಕರಾವಳಿಯಲ್ಲಿ ತೈಲ ಹಡಗುಗಳ ಸಂಚಾರವನ್ನೇ ತಡೆಹಿಡಿಯಲಾಯಿತು. ಮೇ ನಡುವಿನಲ್ಲಿ ವರ್ಜೀನಿಯಾದ ಹ್ಯಾಂಪ್ಟನ್ ರೋಡ್ಸ್ ಮತ್ತು ಫ್ಲಾರಿಡಾದ ಕೀ ವೆಸ್ಟ್ ನಡುವೆ ಪೂರ್ಣ ಬೆಂಗಾವಲು ಗುಂಪುಗಳು ಹೊರಟ ಮೇಲೆ ಪೂರ್ವ ಕರಾವಳಿಯ ನಷ್ಟ ಇಳಿಯಿತು, ಜಲಾಂತರ್ಗಾಮಿಗಳು ಬೆಂಗಾವಲಿಲ್ಲದ ಮೆಕ್ಸಿಕೊ ಕೊಲ್ಲಿ, ಕೆರಿಬಿಯನ್ ಕಡೆ ಸರಿದವು. ಮೇ ತಿಂಗಳಲ್ಲಿ ಮೆಕ್ಸಿಕೊ ಕೊಲ್ಲಿಯ ಕಡೆ ಹತ್ತಾರು ಹಡಗುಗಳು ಮುಳುಗಿದವು. ಬೆಂಗಾವಲಿನ ಪರವಾಗಿ ಇದಕ್ಕಿಂತ ಗಟ್ಟಿ ಸಾಕ್ಷ್ಯ ಬೇಕಿರಲಿಲ್ಲ.

ಇನ್ನೊಂದು ಉತ್ತರ ನೆಲದ ಮೇಲೆ ಹರಿಯಿತು. ಯುದ್ಧಕ್ಕೆ ಮುಂಚೆ ಅಮೆರಿಕದ ಪೂರ್ವ ಭಾಗದ ತೈಲ ಬಹುತೇಕ ಸಮುದ್ರದ ಮೇಲೇ ಬರುತ್ತಿತ್ತು. 1942ರ ಆಗಸ್ಟಿನಲ್ಲಿ ಟೆಕ್ಸಾಸಿನಿಂದ 24 ಇಂಚು ವ್ಯಾಸದ ಕೊಳವೆಮಾರ್ಗ ಹಾಕಲು ಶುರುಮಾಡಿ, ಸುಮಾರು 1,250 ಮೈಲಿ ಉದ್ದದ ಅದನ್ನು 1943ರಲ್ಲಿ ಪೂರ್ವ ಕರಾವಳಿಗೆ ಮುಟ್ಟಿಸಿದರು. ಅದರ ಹೆಸರು ಬಿಗ್ ಇಂಚ್, ದಿನಕ್ಕೆ ಸುಮಾರು 3 ಲಕ್ಷ ಬ್ಯಾರಲ್. ಅಂದರೆ ನಮ್ಮ ಪ್ರಕರಣದ ಹಡಗಿನಂಥ ನಾಲ್ಕು ಹಡಗುಗಳ ಸರಕು ಪ್ರತಿ ದಿನ.

ಹಡಗಿನ ಮೇಲೂ ಕೆಲಸಗಳಾದವು. ಓರೆ ಹಳಿಗಳ ಮೇಲೆ ಕೂರಿಸಿದ, ಒಂದು ಕೊಕ್ಕೆ ತಪ್ಪಿಸಿದರೆ ತಾನೇ ನೀರಿಗೆ ಜಾರುವ ತೆಪ್ಪಗಳು ಬಂದವು. ಅವುಗಳಿಗೆ ಹಗ್ಗವೂ ಬೇಡ, ನಾಲ್ಕು ಜನರೂ ಬೇಡ. ಜಾಕೆಟ್ಟಿಗೆ ಕೆಂಪು ದೀಪ ಸಿಕ್ಕಿಸಲಾಯಿತು. ದೋಣಿಗಳನ್ನು ಸಮುದ್ರದಲ್ಲಿರುವಾಗ ಹೊರಕ್ಕೆ ಚಾಚಿಯೇ ಇಡುವ ರೂಢಿ ಬಂತು, ಇಳಿಸುವಾಗ ಅರ್ಧ ಕೆಲಸ ಮುಗಿದಿರಲಿ ಎಂದು.

ಇಂದಿನ ತೈಲ ಹಡಗು

ಮಂಗಳೂರಿಗೆ ಕಚ್ಚಾ ತೈಲ ತರುವ ಇಂದಿನ ಹಡಗುಗಳನ್ನು ಈ ಪ್ರಕರಣದ ಕಣ್ಣಿನಿಂದ ನೋಡಿದರೆ ಏನೇನು ಬದಲಾಗಿದೆಯೆಂದು ತಟ್ಟನೆ ತಿಳಿಯುತ್ತದೆ. ಬ್ರಿಜ್ ಈಗ ಟ್ಯಾಂಕುಗಳ ಮೇಲಿಲ್ಲ; ಕಪ್ತಾನನಿಂದ ಅಡುಗೆಯವನವರೆಗೆ ಎಲ್ಲರೂ ಹಿಂತುದಿಯ ಒಂದೇ ಕಟ್ಟಡದಲ್ಲಿರುತ್ತಾರೆ, ದೋಣಿಗಳೂ ಅಲ್ಲೇ. ಟ್ಯಾಂಕಿನ ಖಾಲಿ ಜಾಗಕ್ಕೆ ಬಾಯ್ಲರಿನ ಹೊಗೆಯನ್ನು ತೊಳೆದು ತಣಿಸಿ ತುಂಬುತ್ತಾರೆ. ಅದರಲ್ಲಿ ಆಮ್ಲಜನಕ ಶೇ. 8 ದಾಟಬಾರದು ಎಂಬುದು ಅಂತಾರಾಷ್ಟ್ರೀಯ ನಿಯಮ; ಸುಮಾರು ಶೇ. 11ಕ್ಕಿಂತ ಕಡಿಮೆಯಾದರೆ ತೈಲದ ಆವಿ ಹೊತ್ತಿಕೊಳ್ಳುವುದೇ ಇಲ್ಲ, ಉಳಿದ 3 ಅಂತರ ತಪ್ಪು ಅಳತೆಗೆಂದು ಬಿಟ್ಟದ್ದು. ಆದರೆ ಪಕ್ಕೆ ಸೀಳಿ ಗಾಳಿ ಒಳನುಗ್ಗಿದರೆ ಈ ರಕ್ಷಣೆ ಆ ಟ್ಯಾಂಕಿಗೆ ಮುಗಿದಂತೆ. ಕ್ಷಿಪಣಿ, ಸಮುದ್ರದಲ್ಲಿಟ್ಟ ಸಿಡಿಮದ್ದಿನಂಥ (ಮೈನ್) ಹೊಡೆತಕ್ಕೆ ಇದನ್ನು ನಂಬಿಕೊಂಡು ಕೂರುವಂತಿಲ್ಲ. ಎಂಜಿನ್ನಿನ ಇಂಧನದ ಕವಾಟಗಳನ್ನು ಎಂಜಿನ್ ಕೋಣೆಯ ಹೊರಗಿನಿಂದಲೇ ಮುಚ್ಚಬಹುದು, 1942ರ ಆ ರಾತ್ರಿ ಆಗದ ಕೆಲಸ ಇದು.

ದೋಣಿ ಪೂರ್ತಿ ಮುಚ್ಚಿದ್ದು. ಒಳಗೆ ಕನಿಷ್ಠ 10 ನಿಮಿಷ ಸಾಲುವ ಒತ್ತಿದ ಗಾಳಿಯ ಸಿಲಿಂಡರುಗಳಿವೆ, ಹೊರಗೆ ಮೈತುಂಬ ನೀರು ಚಿಮ್ಮಿಸುವ ಕೊಳವೆಗಳಿವೆ; ಉರಿಯುವ ತೈಲದ ನಡುವೆ ಕನಿಷ್ಠ 8 ನಿಮಿಷ ಒಳಗಿನವರು ಸುರಕ್ಷಿತವಾಗಿರಬೇಕೆಂದು ನಿಯಮ. ಆ ಕಂಡೆನ್ಸರ್ ಆಕಸ್ಮಿಕವಾಗಿ ಮಾಡಿದ್ದನ್ನು ಈ ಕೊಳವೆಗಳು ಉದ್ದೇಶಪೂರ್ವಕವಾಗಿ ಮಾಡುತ್ತವೆ, ದೋಣಿಯ ಸ್ವಂತ ಎಂಜಿನ್ನಿನಿಂದ, ಮುಳುಗುವ ಹಡಗಿನ ಹಂಗಿಲ್ಲದೆ.

ಕೆಡುವುದು ಎಲ್ಲಿ ಎಂದರೆ, ಅಭ್ಯಾಸದಲ್ಲಿ. ದೋಣಿಯ ಎಂಜಿನ್ನನ್ನು ವಾರಕ್ಕೊಮ್ಮೆ ಕನಿಷ್ಠ 3 ನಿಮಿಷ ಓಡಿಸಬೇಕು, ಮೂರು ತಿಂಗಳಿಗೊಮ್ಮೆ ದೋಣಿಯನ್ನು ನೀರಿಗಿಳಿಸಿ ನಡೆಸಬೇಕು. ಎಂಜಿನ್ ಓಡಿಸಿ ಸಹಿ ಹಾಕುವುದು ಸುಲಭ, ಮೇಲಿನ ನೀರಿನ ಕೊಳವೆ ತೆರೆದು ಎಲ್ಲ ಬಾಯಿಗಳಿಂದಲೂ ನೀರು ಬರುತ್ತಿದೆಯೇ ಎಂದು ನೋಡುವುದು ತಪ್ಪಿಹೋಗುವ ಕೆಲಸ. ಸಮುದ್ರದ ನೀರು ಹರಿಸಿದ ಮೇಲೆ ಸಿಹಿನೀರಿನಿಂದ ತೊಳೆಯದಿದ್ದರೆ ಉಪ್ಪು ಕಟ್ಟಿ ಸಣ್ಣ ಬಾಯಿಗಳು ಮುಚ್ಚಿಕೊಳ್ಳುತ್ತವೆ. ನಾಲ್ಕು ಬಾಯಿ ಒಂದೇ ಕಡೆ ಮುಚ್ಚಿದರೆ ದೋಣಿಯ ಆ ಭಾಗಕ್ಕೆ ನೀರಿನ ಹೊದಿಕೆ ಇಲ್ಲ. ಗಾಳಿ ಸಿಲಿಂಡರಿನ ಒತ್ತಡವನ್ನೂ ಗೇಜಿನಲ್ಲಿ ಓದಿ ಬರೆದಿಡಬೇಕು. ಅಭ್ಯಾಸದ ದಿನ ಬ್ರಿಜ್‌ನ ಸೂಚನೆ ಬಾರದೆ, ಟೆಲಿಫೋನ್ ಸತ್ತಿದೆ ಎಂದುಕೊಂಡು, ಕಪ್ತಾನನನ್ನೂ ಮುಖ್ಯ ಅಧಿಕಾರಿಯನ್ನೂ ‘ಇಲ್ಲ’ ಎಂದು ಎಣಿಸಿ ಒಮ್ಮೆಯಾದರೂ ದೋಣಿ ಇಳಿಸಿ ನೋಡಿದರೆ, ಎಂಜಿನ್ ಯಾರು ಮುಚ್ಚುತ್ತಾರೆ, ಕೊಕ್ಕೆ ಯಾರು ಬಿಡುತ್ತಾರೆ, ಜನರನ್ನು ಎಣಿಸುವವರು ಯಾರು ಎಂಬುದಕ್ಕೆ ಹಡಗಿನಲ್ಲಿ ಉತ್ತರ ಇದೆಯೋ ಇಲ್ಲವೋ ಅರ್ಧ ಗಂಟೆಯಲ್ಲಿ ತಿಳಿಯುತ್ತದೆ.